ಹುಲಿ ಲೆಕ್ಕ: ಒಂದನ್ನು ಹಿಡಿದ ಜಾಗಕ್ಕೆ ಇನ್ನೊಂದು ಯಾಕೆ ಬರುತ್ತೆ? ಕಾಡಂಚಿನವರು ತಿಳಿದಿರಬೇಕಾದ ಸಂಗತಿ

ಗುಂಡ್ಲುಪೇಟೆ, ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಹನೂರು ಕಡೆಯ ಟೀ ಅಂಗಡಿಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೇ ಕೇಳಿ ಬರ್ತವೆ. ಒಂದು, ‘ಹುಲಿ ಜಾಸ್ತಿ ಆಗ್ಬಿಟ್ಟಿವೆ.’ ಇನ್ನೊಂದು, ‘ಜಾಸ್ತಿ ಆಗಿದ್ರೆ ಇನ್ನೂ ಯಾಕೆ ಉಳಿಸಿ ಉಳಿಸಿ ಅಂತಾರೆ?’ ಎರಡೂ ಸರಿಯಾದ ಪ್ರಶ್ನೆಗಳೇ. ಉತ್ತರ ಮಾತ್ರ ಒಂದೇ ಸಾಲಿನಲ್ಲಿ ಸಿಗಲ್ಲ.

2025ರಲ್ಲಿ ನಡೆದದ್ದನ್ನೇ ನೋಡಿ. ಜೂನ್ 26ರಂದು ಹನೂರು ತಾಲೂಕಿನ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದು ಪತ್ತೆಯಾಯ್ತು. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದೇ ಕಾರಣ ಅಂತ ತನಿಖೆಯಲ್ಲಿ ಗೊತ್ತಾಯ್ತು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ಇಟ್ಟಿದ್ದ ಬೋನಿಗೇ ಅರಣ್ಯ ಸಿಬ್ಬಂದಿಯನ್ನು ಕೂಡಿ ಹಾಕಿ ಗ್ರಾಮಸ್ಥರು ಸಿಟ್ಟು ತೋರಿಸಿದರು. ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ತಾಲೂಕಿನಲ್ಲಿ ಹೊಲದಲ್ಲಿದ್ದ ರೈತರು ಹುಲಿ ದಾಳಿಗೆ ಜೀವ ಕಳೆದುಕೊಂಡರು. ನವೆಂಬರ್ ಮೊದಲ ವಾರದಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿತು. ಸಫಾರಿ ನಿಂತ ಮೇಲೆ ಅದನ್ನೇ ನಂಬಿದ್ದ ಹೋಟೆಲ್, ಅಂಗಡಿ, ಜೀಪ್‌ನವರ ವ್ಯಾಪಾರವೂ ನಿಂತಂಗೆ ಆಯ್ತು.

ಇದೆಲ್ಲದರ ಹಿಂದೆ ಒಂದು ಲೆಕ್ಕ ಇದೆ. ಒಂದು ಜಾತಿಯ ಪ್ರಾಣಿ ಒಂದು ಜಾಗದಲ್ಲಿ ಎಷ್ಟಿರುತ್ತೆ, ಯಾವಾಗ ಹೆಚ್ಚುತ್ತೆ, ಎಲ್ಲಿ ನಿಲ್ಲುತ್ತೆ, ಯಾಕೆ ಹೊರಗೆ ಹೋಗುತ್ತೆ ಅನ್ನೋದನ್ನು ಓದುವ ಶಾಸ್ತ್ರಕ್ಕೆ ಪಾಪ್ಯುಲೇಷನ್ ಇಕಾಲಜಿ ಅಂತಾರೆ. ಹೆಸರು ದೊಡ್ಡದು, ಒಳಗಿನ ವಿಷಯ ಅಂಗಡಿ ನಡೆಸೋರಿಗೆ ಹೊಸದೇನಲ್ಲ.

ಸ್ಟಾಕ್ ಪುಸ್ತಕದ ಲೆಕ್ಕ

ಅಂಗಡಿಯಲ್ಲಿ ವರ್ಷದ ಕೊನೆಗೆ ಸ್ಟಾಕ್ ನೋಡೋದು ಹೇಗೆ? ಮೊದಲಿದ್ದ ಮಾಲು, ಅದಕ್ಕೆ ಒಳಗೆ ಬಂದದ್ದು ಕೂಡಿಸಿ, ಹೊರಗೆ ಹೋದದ್ದು ಕಳೆಯೋದು. ಕಾಡಿಗೂ ಇದೇ ಲೆಕ್ಕ. ಹೋದ ವರ್ಷ ಇದ್ದ ಹುಲಿ, ಅದಕ್ಕೆ ಈ ವರ್ಷ ಹುಟ್ಟಿದ್ದು ಮತ್ತು ಬೇರೆ ಕಾಡಿಂದ ಬಂದದ್ದು ಸೇರಿಸಿ. ಸತ್ತದ್ದು ಮತ್ತು ಬೇರೆ ಕಡೆ ಹೋದದ್ದು ಕಳೆಯಿರಿ. ಉಳಿದದ್ದೇ ಈ ವರ್ಷದ ಸಂಖ್ಯೆ. ಹುಟ್ಟು, ಸಾವು, ಒಳವಲಸೆ, ಹೊರವಲಸೆ. ಈ ನಾಲ್ಕನ್ನು ಬಿಟ್ಟು ಸಂಖ್ಯೆ ಬದಲಾಗೋಕೆ ಐದನೇ ದಾರಿ ಇಲ್ಲ.

ಜನ ಸಾಮಾನ್ಯವಾಗಿ ಹುಟ್ಟು ಸಾವು ಎರಡನ್ನೇ ನೋಡ್ತಾರೆ. ಕಾಡಂಚಿನ ಊರಿಗೆ ನಿಜವಾಗಿ ತಟ್ಟೋದು ಉಳಿದೆರಡು. ಅದಕ್ಕೆ ಆಮೇಲೆ ಬರೋಣ.

ಈ ಲೆಕ್ಕವನ್ನು ನಿಜವಾಗಿ ಮಾಡಿ ತೋರಿಸಿದ ಜಾಗ ನಮ್ಮ ನಾಗರಹೊಳೆ. ಪುತ್ತೂರಿನ ಕಡೆಯವರಾದ, ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತ ಮತ್ತು ಅವರ ತಂಡ 1991ರಿಂದ 2000ದವರೆಗೆ ಅಲ್ಲಿ ಕ್ಯಾಮೆರಾ ಇಟ್ಟು ಹುಲಿಗಳ ಫೋಟೊ ತೆಗೆದರು. ಒಟ್ಟು 74 ಬೇರೆ ಬೇರೆ ಹುಲಿ ಸಿಕ್ಕವು. 2006ರಲ್ಲಿ ಇದರ ಫಲಿತಾಂಶ ಪ್ರಕಟ ಆಯ್ತು. ಅದರಲ್ಲಿ ಎರಡು ಅಂಕಿ ಮುಖ್ಯ. ಒಂದು, ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಉಳಿಯುತ್ತಿದ್ದ ಹುಲಿ 100ಕ್ಕೆ ಸುಮಾರು 77 ಮಾತ್ರ. ಎರಡು, ಹಾಗಿದ್ದೂ ಒಟ್ಟು ಸಂಖ್ಯೆ ವರ್ಷಕ್ಕೆ ಸರಾಸರಿ ನೂರಕ್ಕೆ 3ರಷ್ಟು ಏರುತ್ತಿತ್ತು.

ಸ್ಟಾಕ್ ಪುಸ್ತಕಕ್ಕೆ ಹಾಕಿ ನೋಡಿ. 100 ಹುಲಿಯಲ್ಲಿ 23 ಸತ್ತೋ ಜಾಗ ಬಿಟ್ಟೋ ಹೋದವು. ಉಳಿದದ್ದು 77. ಮುಂದಿನ ವರ್ಷ ಲೆಕ್ಕ 103 ಬರಬೇಕು ಅಂದ್ರೆ 26 ಹೊಸ ಹುಲಿ ಸೇರಬೇಕು. ಅಂದ್ರೆ ನಾಲ್ಕರಲ್ಲಿ ಒಂದು ಹುಲಿ ಪ್ರತಿ ವರ್ಷ ಹೊಸದು! ಹೊರಗಿಂದ ನೋಡಿದರೆ ಸಂಖ್ಯೆ ನಿಂತ ನೀರಿನಂತೆ ಕಾಣುತ್ತೆ, ಒಳಗೆ ಹರಿತಾನೇ ಇರುತ್ತೆ. ‘ಕಾಡಲ್ಲಿ ಹುಲಿ ಸತ್ತಿದೆ’ ಅಂತ ಸುದ್ದಿ ಬಂದ ಕೂಡಲೇ ಏನೋ ಹಗರಣ ಅಂತ ತಿಳಿಯಬೇಕಿಲ್ಲ. ಹುಲಿ ಹೆಚ್ಚಿರುವ ಕಾಡಿನಲ್ಲಿ ಪ್ರತಿ ವರ್ಷ ಒಂದಷ್ಟು ಹುಲಿ ಕಾದಾಡಿ, ಮುದಿಯಾಗಿ, ಗಾಯ ಆಗಿ ಸಾಯೋದು ಇದ್ದದ್ದೇ. ಹೇಗೆ ಸತ್ತಿತು ಅನ್ನೋದೇ ಪ್ರಶ್ನೆ ಆಗಬೇಕು.

ಎಣಿಸೋದು ಹೇಗೆ?

‘ಕಾಡಲ್ಲಿರೋ ಹುಲಿನ ಯಾರು ಎಣಿಸಿದ್ದಾರೆ, ಎಲ್ಲಾ ಬುರುಡೆ’ ಅನ್ನೋರು ಇದ್ದಾರೆ. ಹಿಂದೆ ಇದರಲ್ಲಿ ಅರ್ಧ ಸತ್ಯ ಇತ್ತು. ಆಗ ಹೆಜ್ಜೆ ಗುರುತಿನ ಮೇಲೆ ಗಾಜು ಇಟ್ಟು, ಅದರ ಚಿತ್ರ ಬರೆದುಕೊಂಡು, ಈ ಹೆಜ್ಜೆ ಈ ಹುಲಿದು ಅಂತ ಲೆಕ್ಕ ಹಾಕ್ತಿದ್ರು. ಒದ್ದೆ ಮಣ್ಣಲ್ಲಿ ಒಂದು ತರ, ಒಣ ಧೂಳಲ್ಲಿ ಒಂದು ತರ ಬೀಳುವ ಹೆಜ್ಜೆಯಿಂದ ಹುಲಿ ಗುರುತಿಸೋದು ನಂಬುವ ಮಾತಲ್ಲ ಅಂತ ವಿಜ್ಞಾನಿಗಳು ಹೇಳ್ತಾನೇ ಇದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಪುಸ್ತಕದಲ್ಲಿ ಹುಲಿ ಇತ್ತು, ಕಾಡಲ್ಲಿ ಒಂದೂ ಇರಲಿಲ್ಲ. ಅದು 2005ರ ಹೊತ್ತಿಗೆ ಬಯಲಾದ ಮೇಲೆ ಹಳೇ ವಿಧಾನ ಬಿಟ್ಟರು. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಹೊಸ ವಿಧಾನದಲ್ಲಿ ದೇಶದ ಅಂದಾಜು ನಡೀತಿದೆ.

ಹೊಸ ವಿಧಾನದ ಒಳಗುಟ್ಟು ಇಷ್ಟೇ. ಸಂತೆ ದಿನ ನಿಮ್ಮ ಊರಿಗೆ ಎಷ್ಟು ಜನ ಬಂದಿದ್ದಾರೆ ಗೊತ್ತಾಗಬೇಕು ಅಂತಿಟ್ಟುಕೊಳ್ಳಿ. ಎಲ್ಲರನ್ನೂ ನಿಲ್ಲಿಸಿ ಎಣಿಸೋಕೆ ಆಗಲ್ಲ. ಬೆಳಿಗ್ಗೆ 60 ಜನಕ್ಕೆ ಒಂದೊಂದು ಹಳದಿ ಬಟ್ಟೆ ಚೀಲ ಕೊಡಿ. ಮಧ್ಯಾಹ್ನ ಸಂತೆಯಲ್ಲಿ ಸುತ್ತಾಡಿ ಯಾರೋ 100 ಜನರನ್ನು ನೋಡಿ. ಅವರಲ್ಲಿ 12 ಜನರ ಕೈಯಲ್ಲಿ ಹಳದಿ ಚೀಲ ಕಂಡ್ರೆ, ನೂರಕ್ಕೆ 12 ಜನ ಚೀಲದವರು ಅಂತಾಯ್ತು. ಚೀಲ ಇರೋದು ಒಟ್ಟು 60. ಹಾಗಾದ್ರೆ ಸಂತೆಯಲ್ಲಿರೋದು ಸುಮಾರು 500 ಜನ. ಅರವತ್ತನ್ನು ನೂರರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಬರೋದು ಅದೇ.

ಇದಕ್ಕೆ ಷರತ್ತುಗಳಿವೆ. ಚೀಲ ಸಿಕ್ಕವರು ಅಷ್ಟರಲ್ಲೇ ಬಸ್ ಹತ್ತಿ ಹೋಗಿರಬಾರದು. ಚೀಲ ಮಡಚಿ ಜೇಬಿಗೆ ಇಟ್ಟುಕೊಂಡಿರಬಾರದು. ಎಲ್ಲರ ಜತೆ ಬೆರೆತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಲೆಕ್ಕ ಹಳ್ಳ ಹಿಡಿಯುತ್ತೆ. ಅದಕ್ಕೇ ಹುಲಿ ಎಣಿಕೆಯನ್ನು ಕೆಲವೇ ವಾರಗಳಲ್ಲಿ ಮುಗಿಸ್ತಾರೆ, ಅಷ್ಟರೊಳಗೆ ಹುಟ್ಟು ಸಾವು ಹೆಚ್ಚು ಆಗಿರಲ್ಲ ಅಂತ.

ಹುಲಿಗೆ ಚೀಲ ಕೊಡೋ ಕೆಲಸ ಇಲ್ಲ, ಅದರ ಮೈಮೇಲೇ ಗುರುತಿದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರಲ್ಲ, ನಮ್ಮ ಹೆಬ್ಬೆರಳ ಗುರುತಿನ ಹಾಗೆ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡ ಮಗ್ಗುಲ ಪಟ್ಟೆ ಬಲ ಮಗ್ಗುಲಿಗೆ ಹೊಂದಲ್ಲ. ಅದಕ್ಕೆ ಕಾಡಿನ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟೋದು. ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಕ್ತು, ಹೊಸದು ಎಷ್ಟು ಸಿಕ್ತು ಅನ್ನೋದರ ಮೇಲೆ ಸಿಗದೇ ಉಳಿದದ್ದು ಎಷ್ಟಿರಬಹುದು ಅಂತ ಅಂದಾಜು ಮಾಡ್ತಾರೆ. ಕಾಡಿನ ಕ್ಯಾಮೆರಾ ಕದಿಯೋರು ಇದನ್ನು ಸ್ವಲ್ಪ ಯೋಚಿಸಬೇಕು. ನಿಮ್ಮೂರಿನ ಹುಲಿ ಯಾವುದು ಅಂತ ಹೇಳೋ ಸಾಕ್ಷಿ ಅದೊಂದೇ.

ಹಾಗಾಗಿ ಹೊರಗೆ ಬರೋ ಸಂಖ್ಯೆ ಯಾವತ್ತೂ ಅಂದಾಜು. 2022ರ ಎಣಿಕೆಯಲ್ಲಿ ದೇಶದಲ್ಲಿ 3,682 ಹುಲಿ ಅಂತ ಪೇಪರ್‌ನಲ್ಲಿ ಬಂತಲ್ಲ, ಅದು ಸರಾಸರಿ. ಕೆಳಗಿನ ಮಿತಿ 3,167, ಮೇಲಿನ ಮಿತಿ 3,925. ಸುದ್ದಿಯಲ್ಲಿ ಮಧ್ಯದ ಅಂಕಿ ಮಾತ್ರ ಉಳಿಯುತ್ತೆ, ಆ ಕಡೆ ಈ ಕಡೆಯದು ಬಿದ್ದು ಹೋಗುತ್ತೆ.

ಏರಿಕೆ ಯಾಕೆ ನಿಧಾನ ಆಯ್ತು?

ಕರ್ನಾಟಕದ ಅಂಕಿ ಹೀಗಿದೆ. 2006ರಲ್ಲಿ 290. 2010ರಲ್ಲಿ 300. 2014ರಲ್ಲಿ 406. 2018ರಲ್ಲಿ 524. 2022ರಲ್ಲಿ 563. 785 ಹುಲಿ ಇರುವ ಮಧ್ಯಪ್ರದೇಶ ಮೊದಲು, ನಾವು ಎರಡನೇ ಜಾಗ. ಬಂಡೀಪುರದ್ದೇ 150, ನಾಗರಹೊಳೆಯದ್ದು 141. ದೇಶದ ಹುಲಿ ಮೀಸಲುಗಳಲ್ಲಿ ಕಾರ್ಬೆಟ್ ಬಿಟ್ಟರೆ ಇವೆರಡೇ ಮುಂದೆ.

ಈ ಪಟ್ಟಿಯನ್ನು ಎರಡನೇ ಸಲ ಓದಿ. 2010ರಿಂದ 2014ಕ್ಕೆ ನೂರಕ್ಕೆ 35 ಏರಿದೆ. ಅಲ್ಲಿಂದ 2018ಕ್ಕೆ 29. ಆಮೇಲೆ 2022ಕ್ಕೆ ಬರೀ 7. ಮೊದಲಿನ ವೇಗದಲ್ಲೇ ಹೋಗಿದ್ದರೆ 2022ರಲ್ಲಿ 743ರ ಹತ್ತಿರ ಇರಬೇಕಿತ್ತು. ಇರಲಿಲ್ಲ. ಕ್ಯಾಮೆರಾ ಇಡೋ ಜಾಗ ಪ್ರತಿ ಸಲ ಹೆಚ್ಚಾಗಿರೋದರಿಂದ ಮೊದಲಿನ ಏರಿಕೆಯಲ್ಲಿ ಒಂದಷ್ಟು ಭಾಗ ‘ಮೊದಲೇ ಇದ್ದದ್ದು ಈಗ ಕಂಡದ್ದು’ ಇರಬಹುದು. ಆದರೂ ವೇಗ ಇಳಿದಿರೋದು ಪಾಪ್ಯುಲೇಷನ್ ಇಕಾಲಜಿಯವರಿಗೆ ಆಶ್ಚರ್ಯದ ಮಾತೇ ಅಲ್ಲ.

ಯಾವ ಪ್ರಾಣಿಯೂ ತಡೆಯಿಲ್ಲದೆ ಬೆಳೆದರೆ ಚಕ್ರಬಡ್ಡಿ ತರ ಬೆಳೆಯುತ್ತೆ. ವರ್ಷಕ್ಕೆ ನೂರಕ್ಕೆ 3ರಂತೆ ಏರಿದರೂ 24 ವರ್ಷದ ಹತ್ತಿರ ಎರಡು ಪಟ್ಟು. ಇಂಗ್ಲೆಂಡಿನ ಮಾಲ್ತಸ್ 1798ರಲ್ಲಿ ಮನುಷ್ಯರ ಬಗ್ಗೆ ಹೇಳಿದ್ದು ಇದನ್ನೇ. ಆದರೆ ಬಡ್ಡಿ ಬೆಳೆಯೋಕೆ ಸಾಲ ತೀರಿಸೋನ ಹತ್ತಿರ ದುಡ್ಡಿರಬೇಕಲ್ಲ? 1838ರಲ್ಲಿ ಬೆಲ್ಜಿಯಂನ ವೆರ್‌ಹುಲ್ಸ್ಟ್ ಇದನ್ನು ಲೆಕ್ಕಕ್ಕೆ ತಂದರು. ಸಂಖ್ಯೆ ಕಡಿಮೆ ಇದ್ದಾಗ ಮೆಲ್ಲಗೆ ಶುರುವಾಗುತ್ತೆ, ಮಧ್ಯದಲ್ಲಿ ಜೋರಾಗಿ ಏರುತ್ತೆ, ಜಾಗ ಮತ್ತು ಊಟ ತುಂಬಿದ ಹಾಗೆ ವೇಗ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತೆ. ಆ ಮಟ್ಟಕ್ಕೆ ಧಾರಣ ಸಾಮರ್ಥ್ಯ ಅಂತಾರೆ. ಅಂದ್ರೆ ಆ ಕಾಡು ಸಾಕಬಲ್ಲಷ್ಟು ಸಂಖ್ಯೆ. ಒಂದು ಬೀದಿಯಲ್ಲಿ ಎಷ್ಟು ಕಿರಾಣಿ ಅಂಗಡಿ ನಡೆಯುತ್ತೆ ಅನ್ನೋದಕ್ಕೂ ಹೀಗೇ ಒಂದು ಮಿತಿ ಇದೆಯಲ್ಲ, ಹಾಗೆ.

ಒಂದು ಹುಲಿಗೆ ಐನೂರು ಪ್ರಾಣಿ

ಹುಲಿಯ ಧಾರಣ ಸಾಮರ್ಥ್ಯ ನಿರ್ಧಾರ ಆಗೋದು ಮುಖ್ಯವಾಗಿ ಊಟದಿಂದ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಹೊಡೆಯುತ್ತೆ, ವಾರಕ್ಕೆ ಒಂದು ಅಂತ ಇಟ್ಕೊಳ್ಳಿ. ಜಿಂಕೆ, ಕಡವೆ, ಕಾಟಿ, ಕಾಡುಹಂದಿ. ಬೇಟೆ ಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದನ್ನು ತೆಗೆದರೆ ಅವು ಮತ್ತೆ ತುಂಬಿಕೊಳ್ತವೆ, ಅದಕ್ಕಿಂತ ಜಾಸ್ತಿ ತೆಗೆದರೆ ಅಸಲೇ ಕರಗುತ್ತೆ. ಹಾಗಾಗಿ ಒಂದು ಹುಲಿ ಇರಬೇಕು ಅಂದ್ರೆ 500 ಗೊರಸಿನ ಪ್ರಾಣಿ ಇರಬೇಕು ಅನ್ನೋದು ಹುಲಿ ವಿಜ್ಞಾನಿಗಳ ಸಾಮಾನ್ಯ ಲೆಕ್ಕ. ಐವತ್ತು ಬಡ್ಡಿ, ಐನೂರು ಅಸಲು.

ನಾಗರಹೊಳೆಯಲ್ಲಿ ಅದೇ ಅಧ್ಯಯನದ ವರ್ಷಗಳಲ್ಲಿ 100 ಚದರ ಕಿ.ಮೀ.ಗೆ 7ರಿಂದ 21ರ ತನಕ ಹುಲಿ ಇದ್ದವು. ಇಷ್ಟು ಸಾಂದ್ರತೆ ಲೋಕದಲ್ಲಿ ಬಹಳ ಕಡೆ ಸಿಗಲ್ಲ. ಎಲೆ ಉದುರೋ ಕಾಡು, ಹುಲ್ಲಿನ ಹಡ್ಲು, ಕಬಿನಿ ಹಿನ್ನೀರಿನ ಮೇವು, ಅದರಿಂದ ಜಿಂಕೆ, ಕಾಟಿ. ಅದೇ ಉತ್ತರ ಕನ್ನಡದ ಕಾಳಿ ಮೀಸಲು ವಿಸ್ತಾರದಲ್ಲಿ ಸಣ್ಣದಲ್ಲ, ಹುಲಿ ಮಾತ್ರ ಬಹಳ ಕಡಿಮೆ. ದಟ್ಟ ಹಸಿರು ಕಾಡಲ್ಲಿ ನೆಲದ ಮೇಲೆ ಹುಲ್ಲು ಕಡಿಮೆ, ಜಿಂಕೆ ಕಡಿಮೆ. ನೋಡೋಕೆ ದಟ್ಟ ಕಾಡು, ಹುಲಿಗೆ ಬಡ ಕಾಡು.

ಇನ್ನೊಂದು ಕಡೆಯಿಂದ ನಮ್ಮ ಕಾಡಿನ ಸಾಮರ್ಥ್ಯ ಕರಗ್ತಾ ಇದೆ. ಬಂಡೀಪುರದಲ್ಲಿ ಲಂಟಾನ ಪೊದೆ ಹಬ್ಬಿದ ಕಡೆ ಹುಲ್ಲು ಬೆಳೆಯಲ್ಲ. ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಹಳದಿ ಹೂವಿನ ಸೆನ್ನಾ ಮರ ತುಂಬ್ತಾ ಇದೆ. ರಸ್ತೆಯಲ್ಲಿ ಹೋಗೋರು ಆ ಹಳದಿ ಹೂವಿಗೆ ಮೊಬೈಲ್ ಹಿಡಿದು ರೀಲ್ಸ್ ಮಾಡ್ತಾರೆ, ಜಿಂಕೆಗೆ ಅದು ಬೀಗ ಹಾಕಿದ ಅಂಗಡಿ. ನಕ್ಷೆಯಲ್ಲಿ ಕಾಡಿನ ವಿಸ್ತಾರ ಮೊದಲಿನಷ್ಟೇ ಇರುತ್ತೆ, ಮೇವಿನ ವಿಸ್ತಾರ ಇಳಿದಿರುತ್ತೆ. ಹುಲಿಗೆ ಲೆಕ್ಕ ಎರಡನೇದ್ದು.

ಮರಿ ದೊಡ್ಡದಾದ ಮೇಲೆ ಎಲ್ಲಿಗೆ?

ಊರಿಗೆ ಹುಲಿ ಬರೋ ಪ್ರಶ್ನೆ ಇಲ್ಲಿ ಸಿಗುತ್ತೆ.

ಹೆಣ್ಣು ಹುಲಿ ಗರ್ಭ ಹೊರೋದು ಮೂರೂವರೆ ತಿಂಗಳು. ಎರಡರಿಂದ ನಾಲ್ಕು ಮರಿ. ಮರಿ ಒಂದೂವರೆ ಎರಡು ವರ್ಷ ತಾಯಿ ಜತೆ. ಬೇಟೆ ಹೆಚ್ಚಿರುವ ಕಾಡಿನಲ್ಲಿ ಒಂದು ಹೆಣ್ಣು ಹುಲಿ 15ರಿಂದ 20 ಚದರ ಕಿ.ಮೀ. ಜಾಗ ಇಟ್ಟುಕೊಳ್ಳುತ್ತೆ. ಗಂಡಿನದು ದೊಡ್ಡದು, ಎರಡು ಮೂರು ಹೆಣ್ಣಿನ ಜಾಗ ಅದರೊಳಗೆ ಬರುತ್ತೆ.

ಸುಮ್ಮನೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. 640 ಚದರ ಕಿ.ಮೀ. ಕಾಡು. ತಲಾ 20 ಅಂದ್ರೆ 32 ಹೆಣ್ಣು ಹುಲಿಗೆ ಜಾಗ. ಒಂದೊಂದೂ ಎರಡೂವರೆ ವರ್ಷಕ್ಕೆ ಮೂರು ಮರಿ ಹಾಕಿದರೆ ವರ್ಷಕ್ಕೆ 38 ಮರಿ. ಅರ್ಧ ಸತ್ತರೂ 19 ಹರೆಯದ ಹುಲಿ ಪ್ರತಿ ವರ್ಷ ಸ್ವಂತ ಜಾಗ ಹುಡುಕ್ತಾವೆ. ಕಾಡು ಮಾತ್ರ ಅದೇ 640. ಒಳಗೆ ಯಾವುದಾದರೂ ಮುದಿ ಹುಲಿ ಸತ್ತರೆ ಒಂದು ಸೈಟ್ ಖಾಲಿ. ಉಳಿದವು ಎಲ್ಲಿಗೆ ಹೋಗಬೇಕು?

ಹೆಣ್ಣು ಮರಿ ಸಾಧ್ಯ ಆದರೆ ತಾಯಿ ಪಕ್ಕದಲ್ಲೇ ಜಾಗ ಮಾಡಿಕೊಳ್ಳುತ್ತೆ, ತಾಯಿ ಒಂದಿಷ್ಟು ಬಿಟ್ಟುಕೊಡೋದೂ ಉಂಟು. ಗಂಡು ಮರಿಗೆ ಆ ಭಾಗ್ಯ ಇಲ್ಲ, ದೂರ ಹೋಗಬೇಕು. 2011ರಲ್ಲಿ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನಲ್ಲಿ ಒಂದು ಗಂಡು ಹುಲಿ ಹಿಡಿದರು. ಪಟ್ಟೆ ಹೋಲಿಸಿ ನೋಡಿದರೆ ಅದು ಬಂಡೀಪುರದಲ್ಲಿ ಮೊದಲು ಫೋಟೊಗೆ ಸಿಕ್ಕಿದ್ದ ಹುಲಿ! ಸುಮಾರು 280 ಕಿ.ಮೀ. ದೂರ. ತೋಟ, ಗದ್ದೆ, ರಸ್ತೆ, ಊರು ಎಲ್ಲ ದಾಟಿ ಹೋಗಿತ್ತು.

ಇದನ್ನೇ ಹೊರವಲಸೆ ಅನ್ನೋದು. ಹುಟ್ಟು ಸಾವಿಗಿಂತ ಹೆಚ್ಚಾಗುವ ಕಾಡಿಗೆ ಮೂಲ ಅಂತಾರೆ, ಕೆರೆ ಕೋಡಿ ಬಿದ್ದು ನೀರು ಹೊರಗೆ ಹರಿದ ಹಾಗೆ ಅಲ್ಲಿಂದ ಪ್ರಾಣಿ ಹೊರಗೆ ಹರಿಯುತ್ತೆ. ಸಾವು ಹೆಚ್ಚಿದ್ದು, ಹೊರಗಿಂದ ಬರೋದರಿಂದ ಮಾತ್ರ ಸಂಖ್ಯೆ ಕಾಣೋ ಜಾಗ ಇಂಗುಗುಂಡಿ ಇದ್ದಂಗೆ. ಕಾಡಂಚಿನ ಕಬ್ಬಿನ ಗದ್ದೆ, ಬಾಳೆ ತೋಟ, ಬೀಳು ಬಿಟ್ಟ ಜಮೀನು ಎಲ್ಲ ಎರಡನೇ ಗುಂಪು. ಅಲ್ಲಿ ನೆರಳಿದೆ, ಹಂದಿ ಇದೆ, ಕಟ್ಟಿದ ದನ ಇದೆ. ಹರೆಯದ ಹುಲಿಗೆ, ಕಾದಾಡಿ ಸೋತ ಮುದಿ ಹುಲಿಗೆ, ದೊಡ್ಡ ಗಂಡಿಗೆ ಹೆದರಿದ ಮರಿ ತಾಯಿಗೆ ಅದು ಸಾಕು. ‘ಕಾಡಲ್ಲಿ ಊಟ ಇಲ್ದೆ ಬಂದಿದೆ’ ಅನ್ನೋದು ಕೆಲವು ಸಲ ಮಾತ್ರ ನಿಜ. ಹೆಚ್ಚಿನ ಸಲ ಊಟ ಇರೋ ಜಾಗಕ್ಕೆ ಬೇರೆಯವರ ಬೀಗ ಬಿದ್ದಿರುತ್ತೆ.

ಬಂಡೀಪುರದ ರಾತ್ರಿ ಸಂಚಾರ ನಿಷೇಧದ ವಿಷಯವೂ ಇಲ್ಲಿಗೇ ಸೇರುತ್ತೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ನಿಲ್ಲಿಸಿರೋದು ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯದೆ ಆಚೆ ಈಚೆ ದಾಟಲಿ ಅಂತ. ನಾಗರಹೊಳೆ, ಬಂಡೀಪುರ, ಕೇರಳದ ವಯನಾಡ್, ತಮಿಳುನಾಡಿನ ಮುದುಮಲೈ, ಸತ್ಯಮಂಗಲ, ನಮ್ಮ ಬಿಳಿಗಿರಿರಂಗನ ಬೆಟ್ಟ ಇವೆಲ್ಲ ಒಂದಕ್ಕೊಂದು ಅಂಟಿಕೊಂಡ ಕಾಡು. 2018ರಲ್ಲಿ ಇಷ್ಟೂ ಸೇರಿ 724 ಹುಲಿ ಅಂತ ಅಂದಾಜಾಗಿತ್ತು, ಒಂದೇ ಕಡೆ ಇಷ್ಟು ಹುಲಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ದಾರಿ ಕಟ್ಟಿದರೆ ಒಂದು ದೊಡ್ಡ ಸಂಖ್ಯೆ ಹೋಗಿ ಐದಾರು ಸಣ್ಣ ಸಂಖ್ಯೆ ಆಗುತ್ತೆ. ಸಣ್ಣ ಸಂಖ್ಯೆಗೆ ಒಂದು ರೋಗ, ಒಂದು ಕೆಟ್ಟ ವರ್ಷ ಸಾಕು.

ಹಿಡಿದು ಸಾಗಿಸಿದರೆ ಮುಗೀತಾ?

ಮನುಷ್ಯರನ್ನು ಕೊಂದ ಹುಲಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ, ದನ ಕಾಯುವವರಿಗೆ ಶಾಸ್ತ್ರ ಹೇಳಿ ಕೂರಿಸೋಕೆ ಆಗಲ್ಲ. ಆದರೆ ‘ಒಂದಿಪ್ಪತ್ತು ಹಿಡಿದು ಬೇರೆ ಕಾಡಿಗೆ ಬಿಟ್ಟುಬಿಡಿ, ಸರಿ ಹೋಗುತ್ತೆ’ ಅನ್ನೋ ಬೇಡಿಕೆ ಬೇರೆ. ಅದು ಲೆಕ್ಕಕ್ಕೆ ನಿಲ್ಲಲ್ಲ.

ಕಾಡಿನೊಳಗೆ ನೆಲೆ ನಿಂತ ಗಂಡನ್ನು ತೆಗೆದರೆ ಜಾಗ ಖಾಲಿ. ಬಸ್ ಸ್ಟ್ಯಾಂಡಿನಲ್ಲಿ ಮಳಿಗೆ ಖಾಲಿ ಆದರೆ ಎಷ್ಟು ದಿನ ಖಾಲಿ ಇರುತ್ತೆ? ಹೊರಗೆ ಕಾದಿರೋ ಹರೆಯದ ಗಂಡುಗಳು ನುಗ್ತವೆ, ಕಾದಾಡ್ತವೆ. ಗೆದ್ದದ್ದು ಹಳೇ ಗಂಡಿನ ಮರಿಗಳನ್ನು ಕೊಲ್ಲೋದು ಹುಲಿಗಳಲ್ಲಿ ಮಾಮೂಲು. ಮರಿ ಉಳಿಸಿಕೊಳ್ಳೋಕೆ ತಾಯಿ ಅಂಚಿಗೆ ಬರುತ್ತೆ. ಅಂಚು ಅಂದ್ರೆ ನಿಮ್ಮ ಹೊಲ. ಹಿಡಿದದ್ದನ್ನು ಬಿಟ್ಟ ಕಾಡಲ್ಲೂ ಇದೇ ಕತೆ, ಅಲ್ಲೂ ಜಾಗಕ್ಕೆ ಯಜಮಾನ ಇದ್ದಾನೆ. ಹೊಸಬ ಮತ್ತೆ ಅಂಚಿಗೆ. ಊರು ಬದಲಾಯ್ತು, ಗಲಾಟೆ ಅದೇ.

ಬೀದಿ ನಾಯಿಗೂ ಇದೇ ಸೂತ್ರ. ಪಟ್ಟಣದಲ್ಲಿ ಎಷ್ಟು ನಾಯಿ ಇರುತ್ತೆ ಅನ್ನೋದು ಕೋಳಿ ಅಂಗಡಿ, ಹೋಟೆಲ್, ಸಂತೆ ಮೈದಾನದ ಕಸ ನಿರ್ಧಾರ ಮಾಡುತ್ತೆ. ಹತ್ತು ನಾಯಿ ಹಿಡಿದು ಪಕ್ಕದ ಊರಿಗೆ ಬಿಟ್ಟರೆ ಕಸ ಇನ್ನೂ ಅಲ್ಲೇ ಇದೆ. ಎರಡು ತಿಂಗಳಿಗೆ ಮರಿ ಹಾಕೋ ಪ್ರಾಣಿ, ಸಲಕ್ಕೆ ನಾಲ್ಕೈದು ಮರಿ, ಒಂದು ವರ್ಷದೊಳಗೆ ಜಾಗ ಭರ್ತಿ. ಸಂತಾನಹರಣ ಮಾಡಿ ಅಲ್ಲೇ ಬಿಟ್ಟರೆ ಜಾಗವೂ ತುಂಬಿರುತ್ತೆ, ಹುಟ್ಟೂ ನಿಲ್ಲುತ್ತೆ. ಬಹುಪಾಲು ನಾಯಿಗೆ ಮಾಡಿದರೆ ಮಾತ್ರ ಇದು ನಡೆಯುತ್ತೆ, ಹತ್ತರಲ್ಲಿ ಎರಡಕ್ಕೆ ಮಾಡಿ ಫೋಟೊ ತೆಗೆಸಿಕೊಂಡರೆ ದುಡ್ಡು ದಂಡ.

ಆನೆಯದು ಇದಕ್ಕೆ ಉಲ್ಟಾ. ಗರ್ಭ 22 ತಿಂಗಳು, ನಾಲ್ಕೈದು ವರ್ಷಕ್ಕೆ ಒಂದು ಮರಿ. 2017ರಲ್ಲಿ ರಾಜ್ಯದಲ್ಲಿ 6,049 ಆನೆ, 2023ರಲ್ಲಿ 6,395. ಆರು ವರ್ಷದಲ್ಲಿ ನೂರಕ್ಕೆ ಆರೂ ಇಲ್ಲ. ನಾಯಿ, ಹಂದಿ, ಇಲಿ ಬೇಗ ಹುಟ್ಟಿ ಬೇಗ ಸಾಯೋ ಗುಂಪು. ಹೊಡೆತ ಬಿದ್ದರೂ ಮತ್ತೆ ಏಳ್ತವೆ. ಆನೆ ನಿಧಾನದ ಗುಂಪು, ಕೆಲವು ದೊಡ್ಡ ಹೆಣ್ಣಾನೆ ಕರೆಂಟ್ ಬೇಲಿಗೆ ಸಿಕ್ಕಿದರೆ ಆ ಹಿಂಡು ಚೇತರಿಸಿಕೊಳ್ಳೋಕೆ ಹತ್ತಾರು ವರ್ಷ ಬೇಕು. ಹುಲಿ ಎರಡರ ನಡುವೆ, ತನ್ನ ಗಾತ್ರಕ್ಕೆ ಹೋಲಿಸಿದರೆ ಬೇಗ ಹೆರುವ ಪ್ರಾಣಿ. ನಾಗರಹೊಳೆಯಲ್ಲಿ ವರ್ಷಕ್ಕೆ 23 ಹೋದರೂ ತುಂಬಿಕೊಂಡದ್ದು ಅದಕ್ಕೇ.

ಹೂಗ್ಯಂನ ಐದು

ಹಾಗಾದ್ರೆ ವಿಷಕ್ಕೆ ಸತ್ತ ಐದು ಹುಲಿ ದೊಡ್ಡ ವಿಷಯವೇ ಅಲ್ಲವಾ? ಎಲ್ಲಿ ಸತ್ತವು, ಯಾವುದು ಸತ್ತಿತು ಅನ್ನೋದು ನೋಡಬೇಕು.

ಸಂಖ್ಯೆ ಬೆಳೆಯೋದು ಹೆರುವ ಹೆಣ್ಣಿನಿಂದ. ಜಾಗ ಇಲ್ಲದೆ ಅಲೆಯೋ ಹರೆಯದ ಗಂಡು ಸತ್ತರೆ ಲೆಕ್ಕಕ್ಕೆ ಹೆಚ್ಚು ತಟ್ಟಲ್ಲ. ನೆಲೆ ನಿಂತ ಹೆಣ್ಣು ಸತ್ತರೆ ಅದು ಮುಂದೆ ಹೆರಬೇಕಿದ್ದ ಮರಿಗಳೂ ಹೋದ ಹಾಗೆ. ಮಹದೇಶ್ವರ ಬೆಟ್ಟದ ಕಾಡು ನಾಗರಹೊಳೆಯಷ್ಟು ತುಂಬಿದ್ದಲ್ಲ. ಅಲ್ಲಿ ಹುಲಿ ಈಗಷ್ಟೇ ಕಾಲೂರಿಕೊಳ್ತಾ ಇರೋದು. ನೂರಾರು ಹುಲಿ ಇರೋ ಕಡೆ ಒಂದು ತಾಯಿ ಹೋದರೆ ಪಕ್ಕದಲ್ಲಿ ಮಗಳು ಕಾದಿರುತ್ತೆ. ಕೆಲವೇ ಹೆಣ್ಣು ಇರೋ ಕಡೆ ಒಂದು ತಾಯಿ, ನಾಲ್ಕು ಮರಿ ಅಂದ್ರೆ ಆ ಕಾಡಿನ ಮುಂದಿನ ಕೆಲವು ವರ್ಷದ ಹುಟ್ಟಿನ ದೊಡ್ಡ ಪಾಲು ಒಂದೇ ದಿನಕ್ಕೆ ಹೋದಂಗೆ.

ಅತ್ತ ದನ ಕಳೆದುಕೊಂಡವರ ನೋವೂ ಲೆಕ್ಕದಲ್ಲೇ ಇದೆ. ಎರಡು ಹಸು ಇರೋ ಮನೆಯಲ್ಲಿ ಒಂದು ಹೋದರೆ ಆ ಮನೆಯ ಸ್ಟಾಕ್ ಅರ್ಧ. ಪರಿಹಾರ ತಿಂಗಳುಗಟ್ಟಲೆ ತಡವಾದರೆ ಸಿಟ್ಟು ವಿಷದ ಬಾಟಲಿ ಹುಡುಕುತ್ತೆ. ಕಾಡಿಗೆ ದನ ಬಿಡೋದು, ಕಾಡಿನ ಮೇವು ಜಿಂಕೆಗೆ ಕಡಿಮೆ ಆಗೋದು, ಹುಲಿಗೆ ದನ ರೂಢಿ ಆಗೋದು, ಎಲ್ಲ ಒಂದೇ ದಾರ. ಯಾವ ತುದಿಯಿಂದ ಬಿಡಿಸೋದು ಅಂತ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಕೂತು ಮಾತಾಡಬೇಕು, ದಾಳಿ ಆದ ಮಾರನೇ ದಿನ ಅಲ್ಲ, ಮೊದಲೇ.

ನಾಲ್ಕು ವರ್ಷದ ಲೆಕ್ಕದಂತೆ 2022 ಆದ ಮೇಲಿನ ಎಣಿಕೆ 2026ರದ್ದು. ರಾಜ್ಯದ ಒಟ್ಟು ಅಂಕಿ ಹೊರಗೆ ಬಂದಾಗ ನಾವು ಮಧ್ಯಪ್ರದೇಶವನ್ನು ದಾಟಿದ್ವಾ ಇಲ್ವಾ ಅನ್ನೋದೇ ಸುದ್ದಿ ಆಗುತ್ತೆ. ಕಾಡಂಚಿನ ತಾಲೂಕಿನವರು ಕೇಳಬೇಕಾದ್ದು ಬೇರೆ: ನಮ್ಮ ವಲಯದಲ್ಲಿ ಹೆರುವ ಹೆಣ್ಣು ಎಷ್ಟು, 100 ಚದರ ಕಿ.ಮೀ.ಗೆ ಜಿಂಕೆ, ಕಡವೆ ಎಷ್ಟು, ಹೋದ ಸಲಕ್ಕಿಂತ ಅವು ಏರಿವೆಯಾ ಇಳಿದಿವೆಯಾ, ಮೀಸಲಿನ ಗಡಿಯ ಹೊರಗೆ ಫೋಟೊಗೆ ಸಿಕ್ಕ ಹುಲಿ ಎಷ್ಟು. ಹೊರಗೆ ಸಿಕ್ಕವು ಯಾವ ಹಳ್ಳಿಯ ಹತ್ತಿರ ಅಂತ ಪಟ್ಟಿ ಸಿಕ್ಕರೆ, ಕಬ್ಬು ಕಡಿಯೋ ಕಾಲಕ್ಕೆ ಮುಂಚೆ ಆ ಊರುಗಳಿಗೆ ಮೊದಲು ಗಸ್ತು ಕಳಿಸಬಹುದು.